ಅಂಗಿಯೂ ಲೈನಿನ ಮೇಲೆ, ಕೆಲಸವೂ ಲೈನಿನ ಮೇಲೆ

ಪ್ರಶ್ನೆ: ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಾವು ಕೆಲವರು ಸೇರಿ ಹೋಟೆಲುಗಳಲ್ಲಿ ದುಡಿಯುವ ಕನ್ನಡದ ಹುಡುಗರಿಗೆ ರಾತ್ರಿ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇವೆ. ‘ಲೈನ್’ ಎಂಬ ಪದ ಬಂದಾಗಲೆಲ್ಲ ತೊಡಕು. ನಿಘಂಟಿನಲ್ಲಿ ಸಿಗುವ ಅರ್ಥ ಗೆರೆ. ಆದರೆ ‘ಲೈನ್ ದ ಟಿನ್ ವಿತ್ ಬಟರ್ ಪೇಪರ್’, ‘ಹೋಲ್ಡ್ ದ ಲೈನ್’, ‘ಹಿಸ್ ಜಾಬ್ ಈಸ್ ಆನ್ ದ ಲೈನ್’, ‘ಲೈನ್ ಕುಕ್ ವಾಂಟೆಡ್’ ಎಂಬ ಮಾತುಗಳಲ್ಲಿ ಗೆರೆ ಎಲ್ಲಿದೆ? ಮುಂಬಯಿಯ ಮರೀನ್ ಲೈನ್ಸ್ ರೈಲು ನಿಲ್ದಾಣದ ಹೆಸರಿನಲ್ಲಿ ಇರುವುದು ಯಾವ ಲೈನು ಎಂದು ಒಬ್ಬ ಹುಡುಗ ಕೇಳಿದ, ಅದಕ್ಕೂ ಉತ್ತರ ಹೊಳೆಯಲಿಲ್ಲ. ಇಷ್ಟೊಂದು ಅರ್ಥಗಳನ್ನು ಕಲಿಸುವುದು ಹೇಗೆ?

ಉತ್ತರ: ಅರ್ಥಗಳ ಪಟ್ಟಿ ಬರೆಸಿ ಉರು ಹೊಡೆಸುವ ದಾರಿಯನ್ನು ಮೊದಲು ಬಿಟ್ಟುಬಿಡಿ. ದೊಡ್ಡ ನಿಘಂಟುಗಳಲ್ಲಿ ಈ ಪದಕ್ಕೆ ಹತ್ತಾರು ಅರ್ಥಗಳಿವೆ. ದಿನವಿಡೀ ಒಲೆಯ ಮುಂದೆ ನಿಂತು ಬಂದ ಹುಡುಗನಿಗೆ ಆ ಪಟ್ಟಿಯಿಂದ ಏನೂ ದಕ್ಕುವುದಿಲ್ಲ. ನಿಮಗೆ ತೊಡಕಾಗಿರುವುದು ಗೆರೆಯಿಂದ ಹೊರಟದ್ದರಿಂದ. ಗೆರೆ ಈ ಪದದ ಮೊದಲ ಅರ್ಥವಲ್ಲ, ಮೊದಲ ಅರ್ಥ ದಾರ. ದಾರದ ತುದಿ ಹಿಡಿದು ಹೊರಟರೆ ನಿಮ್ಮ ಎಲ್ಲ ವಾಕ್ಯಗಳೂ ಬಿಡಿಸಿಕೊಳ್ಳುತ್ತವೆ.

ಆ ದಾರದ ಮೂಲ ಅಗಸೆ ಗಿಡ. ಹೂವು, ಸೊಪ್ಪು ಅಡುಗೆಗೆ ಬಳಸುವ ಅಗಸೆ ಮರವಲ್ಲ. ವಿಜಯಪುರ, ಕಲಬುರಗಿ ಕಡೆಯವರು ಬೀಜ ಹುರಿದು ಕುಟ್ಟಿ ಜೋಳದ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಅಗಸೆ. ನಮಗೆ ಅದರ ಬೀಜ ಮುಖ್ಯ, ಯುರೋಪಿನಲ್ಲಿ ಅದರ ಕಾಂಡದ ನಾರು ಮುಖ್ಯವಾಯಿತು. ಲ್ಯಾಟಿನ್ ಭಾಷೆಯಲ್ಲಿ ಆ ಗಿಡ ‘ಲೀನುಮ್’, ಅದರ ನಾರಿನಿಂದ ಹೊಸೆದ ದಾರ ‘ಲೀನಿಯ’. ಲಿನನ್ ಬಟ್ಟೆ, ಲಿನ್‌ಸೀಡ್ ಎಣ್ಣೆ, ಲೈನ್ ಮೂರೂ ಒಂದೇ ಗಿಡದ ಮಕ್ಕಳು. ನಿಮ್ಮ ತರಗತಿಯಲ್ಲಿ ಉತ್ತರ ಕರ್ನಾಟಕದ ಹುಡುಗರಿದ್ದರೆ ಪಾಠವನ್ನು ಅಗಸಿ ಹಿಂಡಿಯಿಂದಲೇ ಶುರು ಮಾಡಬಹುದು, ಮರೆಯುವುದಿಲ್ಲ.

ದಾರವನ್ನು ಎಳೆದು ಎರಡು ಕಡೆ ಕಟ್ಟಿದರೆ ಹಗ್ಗ ಅಥವಾ ತಂತಿ. ಬಿಗಿದ ದಾರ ನೆಲದ ಮೇಲೆ ಉಳಿಸುವ ಗುರುತು ಗೆರೆ. ಆ ಗೆರೆಗೆ ಹೊಂದಿಕೊಂಡು ನಿಂತವರು ಸಾಲು. ಗೆರೆ ಹಿಡಿದು ಮುಂದೆ ಸಾಗಿದರೆ ದಾರಿ. ಅದೇ ನಾರನ್ನು ನೇಯ್ದರೆ ಬಟ್ಟೆ, ಆ ಬಟ್ಟೆಯನ್ನು ಉಡುಪಿನ ಒಳಮೈಗೆ ಹೊಲಿದರೆ ಅಸ್ತರಿ. ಹೀಗೆ ಹಗ್ಗ, ಗೆರೆ, ಸಾಲು, ದಾರಿ, ಅಸ್ತರಿ ಎಂಬ ಐದು ಮನೆಗಳಲ್ಲಿ ಈ ಪದ ವಾಸವಾಗಿದೆ. ಹುಡುಗ ಕಲಿಯಬೇಕಾದದ್ದು ಇಷ್ಟೇ: ಎದುರಿಗಿರುವ ಲೈನು ಯಾವ ಮನೆಯದು? ಇದು ಇಂಗ್ಲಿಷಿಗೆ ಮಾತ್ರ ಇರುವ ಗುಣವೂ ಅಲ್ಲ. ನಮ್ಮ ‘ಸೂತ್ರ’ವನ್ನೇ ನೋಡಿ. ಅದರ ಮೂಲ ಅರ್ಥ ನೂಲು. ಮಂಗಳಸೂತ್ರದಲ್ಲಿ ಇಂದಿಗೂ ದಾರ, ಗಣಿತದಲ್ಲಿ ನಿಯಮ, ಗೊಂಬೆಯಾಟದಲ್ಲಿ ಕೈಹಿಡಿತ. ಯಾರೂ ಗೊಂದಲಪಡುವುದಿಲ್ಲ.

ಮುಂಬಯಿಯ ಗಾರೆ ಕೆಲಸದವರು ಗೋಡೆ ಎಬ್ಬಿಸುವ ಮೊದಲು ಎರಡು ತುದಿಗೆ ಮೊಳೆ ಹೊಡೆದು ಬಿಗಿಯುವ ನೂಲಿಗೆ ‘ಲೈನ್ ದೋರಿ’ ಎನ್ನುತ್ತಾರೆ. ದೋರಿ ಎಂದರೂ ದಾರ, ಲೈನ್ ಎಂದರೂ ದಾರ. ಎರಡು ಸಾವಿರ ವರ್ಷ ಹಿಂದಿನ ಅರ್ಥ ಅವರ ಕೈಯಲ್ಲಿ ಇನ್ನೂ ಜೀವಂತವಾಗಿದೆ. ಬಣ್ಣ ಬಳಿದ ದಾರವನ್ನು ಬಿಗಿಹಿಡಿದು ಮೀಟಿದಾಗ ಗೋಡೆಯ ಮೇಲೆ ಗೆರೆ ಬೀಳುತ್ತದಲ್ಲ, ದಾರ ಗೆರೆಯಾಗುವ ಗಳಿಗೆ ಅದೇ. ಹುಡುಗರಿಗೆ ಇದನ್ನು ಮಾಡಿ ತೋರಿಸಿ.

ಈಗ ನಿಮ್ಮ ವಾಕ್ಯಗಳು. ‘ಹಿಸ್ ಜಾಬ್ ಈಸ್ ಆನ್ ದ ಲೈನ್’ ಒಂದನ್ನೇ ಕಲಿಸಬೇಡಿ, ಅದರ ಪಕ್ಕ ಇನ್ನೆರಡು ಇಡಿ. ‘ಮೈ ಶರ್ಟ್ ಈಸ್ ಆನ್ ದ ಲೈನ್.’ ‘ಮೈ ಬಾಸ್ ಈಸ್ ಆನ್ ದ ಲೈನ್.’ ‘ಮೈ ಜಾಬ್ ಈಸ್ ಆನ್ ದ ಲೈನ್.’ ಮೂರರಲ್ಲೂ ಬದಲಾದದ್ದು ಒಂದೇ ಪದ. ಕನ್ನಡದಲ್ಲಿ ಹೇಳಿ ನೋಡಿ: ನನ್ನ ಅಂಗಿ ಹಗ್ಗದ ಮೇಲಿದೆ; ಸಾಹೇಬರು ಫೋನಿನಲ್ಲಿದ್ದಾರೆ; ನನ್ನ ಕೆಲಸಕ್ಕೇ ಸಂಚಕಾರ ಬಂದಿದೆ. ಮೊದಲನೆಯದು ಚಾಳಿನ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ. ಎರಡನೆಯದು ತಂತಿ, ಮೊಬೈಲಿನಲ್ಲಿ ತಂತಿಯೇ ಇಲ್ಲದಿದ್ದರೂ ಮಾತು ಉಳಿದುಕೊಂಡಿದೆ. ಮೂರನೆಯದರಲ್ಲಿ ಕೆಲಸವನ್ನು ಪಣಕ್ಕಿಟ್ಟಂತೆ, ಉಳಿದರೂ ಉಳಿಯಿತು ಹೋದರೂ ಹೋಯಿತು ಎಂಬ ಸ್ಥಿತಿ. ಅರ್ಥ ಲೈನ್ ಎಂಬ ಪದದ ಒಳಗೆ ಕೂತಿಲ್ಲ, ಲೈನಿನ ಮೇಲೆ ಏನು ಕೂತಿದೆ ಎಂಬುದರಲ್ಲಿದೆ. ಇಡೀ ಪದಕ್ಕೆ ಇದೇ ಕೀಲಿಕೈ. ಒಂದು ಸಂಜೆ ಪೂರ್ತಿ ಈ ಮೂರು ವಾಕ್ಯಗಳಿಗೆ ಕೊಟ್ಟರೂ ನಷ್ಟವಿಲ್ಲ.

ಬಟರ್ ಪೇಪರಿನ ವಾಕ್ಯ ಅಸ್ತರಿಯ ಮನೆಯದು. ಹಿಂದೆ ಕೋಟು, ನಿಲುವಂಗಿಗಳ ಒಳಮೈಗೆ ಲಿನನ್ ಬಟ್ಟೆ ಹೊಲಿಯುತ್ತಿದ್ದರು. ಹಾಗೆ ಹೊಲಿಯುವುದಕ್ಕೇ ‘ಲೈನ್’ ಎಂದು ಹೆಸರಾಯಿತು. ಇಂದು ಆ ಬಟ್ಟೆ ರೇಷ್ಮೆಯಿರಲಿ, ಪಾಲಿಯೆಸ್ಟರ್ ಇರಲಿ, ಕಾಗದವೇ ಇರಲಿ, ಒಳಮೈ ಮುಚ್ಚಿದರೆ ಅದು ಲೈನ್ ಮಾಡಿದಂತೆ. ಬ್ಲೌಸಿನ ಲೈನಿಂಗ್ ಎಲ್ಲರಿಗೂ ಗೊತ್ತಿದೆ. ಅದೇ ಪದ ಬೇಕರಿಗೆ ಬಂದಿದೆ ಎಂದರೆ ಸಾಕು. ಆದ್ದರಿಂದ ‘ಲೈನ್ ದ ಟಿನ್’ ಎಂದರೆ ಕೇಕಿನ ಡಬ್ಬಿಯ ತಳ, ಒಳಬದಿಗೆ ಕಾಗದ ಹಾಸು. ಇಲ್ಲಿ ಎರಡು ತಪ್ಪುಗಳಾಗುತ್ತವೆ. ಒಂದು, ಬೆಣ್ಣೆ ಸವರುವುದನ್ನು ಲೈನ್ ಮಾಡುವುದು ಎಂದುಕೊಳ್ಳುವುದು. ಬೆಣ್ಣೆ ಸವರುವುದು ‘ಗ್ರೀಸ್’, ಕಾಗದ ಹಾಸುವುದು ‘ಲೈನ್’. ‘ಗ್ರೀಸ್ ಅಂಡ್ ಲೈನ್’ ಎಂದು ಬರೆದಿದ್ದರೆ ಮೊದಲು ಸವರಿ ಆಮೇಲೆ ಕಾಗದ ಅಂಟಿಸಬೇಕು. ಸವರಿ ಬಿಟ್ಟರೆ ಕೇಕಿನ ತಳ ಅಂಟಿಕೊಂಡು ಕಿತ್ತುಬರಬಹುದು. ಎರಡನೆಯ ತಪ್ಪು, ‘ಅಪ್’ ಎಂಬ ಚಿಕ್ಕ ಪದವನ್ನು ಗಮನಿಸದಿರುವುದು. ‘ಲೈನ್ ದ ಟಿನ್ಸ್’ ಎಂದರೆ ಡಬ್ಬಿಗಳ ಒಳಗೆ ಕಾಗದ ಹಾಸು; ‘ಲೈನ್ ಅಪ್ ದ ಟಿನ್ಸ್’ ಎಂದರೆ ಡಬ್ಬಿಗಳನ್ನು ಸಾಲಾಗಿ ಇಡು. ಅಡುಗೆಮನೆಯಲ್ಲಿ ಎರಡೂ ಆಜ್ಞೆಗಳು ಬರುತ್ತವೆ.

ಇದಕ್ಕೊಂದು ಪರೀಕ್ಷೆ ಹೇಳಿಕೊಡಿ. ಕ್ರಿಯಾಪದವಾಗಿ ಬಂದ ಲೈನ್, ಜೊತೆಗೆ ‘ವಿತ್’ ಇದ್ದರೆ, ಯಾವ ವಸ್ತುವನ್ನು ಲೈನ್ ಮಾಡುತ್ತಿದ್ದಾರೆ ನೋಡಬೇಕು. ಅದು ಪೊಳ್ಳಾದ ವಸ್ತುವಾಗಿದ್ದರೆ, ಅಂದರೆ ಡಬ್ಬಿ, ಪೆಟ್ಟಿಗೆ, ಕೋಟು, ಜೇಬು, ಹೊಟ್ಟೆ ಇಂಥದಾಗಿದ್ದರೆ, ಅಸ್ತರಿ. ಅದು ಉದ್ದನೆಯ ವಸ್ತುವಾಗಿದ್ದರೆ, ರಸ್ತೆಯೋ ನದಿಯೋ ಆಗಿದ್ದರೆ, ಅಂಚಿನುದ್ದಕ್ಕೂ ಸಾಲು: ‘ದ ರೋಡ್ ಈಸ್ ಲೈನ್ಡ್ ವಿತ್ ಟ್ರೀಸ್’ ಎಂದರೆ ರಸ್ತೆಯ ಬದಿಗೆ ಸಾಲುಮರ. ‘ಲೈನಿಂಗ್ ಹಿಸ್ ಪಾಕೆಟ್ಸ್’ ಎಂದರೆ ಲಂಚ ಹೊಡೆದು ಜೇಬು ತುಂಬಿಸಿಕೊಳ್ಳುತ್ತಿದ್ದಾನೆ. ಜೇಬಿಗೆ ನೋಟಿನ ಅಸ್ತರಿ. ಡಾಕ್ಟರರ ವರದಿಯಲ್ಲಿ ಹೊಟ್ಟೆಯ ‘ಲೈನಿಂಗ್’ ಎಂದಿದ್ದರೆ ಅದು ಜಠರದ ಒಳಪದರ, ಗೆರೆಯಲ್ಲ. ಸ್ಕೂಟರಿನ ಬ್ರೇಕ್ ಲೈನಿಂಗ್ ಕೂಡ ಅದೇ ಮನೆಯದು. ಪದಗಳ ಕ್ರಮ ತಿರುಗಿದರೂ ಮನೆ ಬದಲಾಗುತ್ತದೆ: ‘ಲೈನ್ಡ್ ಪೇಪರ್’ ಎಂದರೆ ಗೆರೆ ಎಳೆದ ಹಾಳೆ, ‘ಪೇಪರ್-ಲೈನ್ಡ್ ಬಾಕ್ಸ್’ ಎಂದರೆ ಒಳಗೆ ಹಾಳೆ ಹಾಸಿದ ಡಬ್ಬಿ.

ಹೋಟೆಲಿನಿಂದ ಹಡಗಿನ ಕೆಲಸಕ್ಕೆ ಹೋಗುವ ಕನಸು ಕಂಡವರಿಗೆ ಇನ್ನೊಂದು ಜೋಡಿ ಬೇಕಾಗುತ್ತದೆ. ‘ಕ್ರೂಸ್ ಲೈನ್’ ಎಂದರೆ ಹಡಗು ನಡೆಸುವ ಕಂಪನಿ; ‘ಏರ್‌ಲೈನ್’ ಇದ್ದಂತೆ, ದಾರಿಯ ಮನೆಯದು. ‘ಲೈನರ್’ ಎಂದರೆ ಗೊತ್ತಾದ ದಾರಿಯಲ್ಲಿ ವೇಳಾಪಟ್ಟಿ ಪ್ರಕಾರ ಓಡುವ ದೊಡ್ಡ ಹಡಗು. ಆದರೆ ಹಡಗಿನ ಅಡುಗೆಮನೆಯಲ್ಲಿ ‘ಚೇಂಜ್ ದ ಲೈನರ್’ ಎಂದು ಯಾರಾದರೂ ಹೇಳಿದರೆ ಅದು ಹಡಗಲ್ಲ, ಕಸದ ಬುಟ್ಟಿಯೊಳಗೆ ಹಾಕುವ ಪ್ಲಾಸ್ಟಿಕ್ ಚೀಲ. ಒಂದು ದಾರಿಯ ಲೈನರ್, ಇನ್ನೊಂದು ಅಸ್ತರಿಯ ಲೈನರ್. ಕಣ್ಣಿಗೆ ಹಚ್ಚುವ ಐಲೈನರ್ ಗೆರೆಯ ಮನೆಯದು.

ಸಾಲಿನ ಮನೆಗೆ ಬರೋಣ. ಮುಂಬಯಿಯವರಿಗೆ ಇಲ್ಲಿ ಹೇಳಲು ತುಂಬಾ ಇದೆ. ಮರೀನ್ ಲೈನ್ಸ್ ಎಂಬ ಹೆಸರಿಗೂ ಅಲ್ಲಿ ಓಡುವ ರೈಲಿಗೂ ಸಮುದ್ರದ ಅಂಚಿನ ಗೆರೆಗೂ ಸಂಬಂಧವಿಲ್ಲ. ಬ್ರಿಟಿಷರ ಕಾಲದಲ್ಲಿ ಮರೀನ್ ಬೆಟಾಲಿಯನ್ ಎಂಬ ಸೈನ್ಯದ ತುಕಡಿಗೆ ಅಲ್ಲಿ ವಸತಿ ಇತ್ತು. ಸಿಪಾಯಿಗಳ ಬಿಡಾರಗಳನ್ನು ಸಾಲಾಗಿ ಕಟ್ಟುತ್ತಿದ್ದುದರಿಂದ ಅಂಥ ವಸತಿಗೆ ‘ಲೈನ್ಸ್’ ಎನ್ನುತ್ತಿದ್ದರು. ನಮ್ಮ ಊರುಗಳ ಪೊಲೀಸ್ ಲೈನು, ಉತ್ತರದ ಪಟ್ಟಣಗಳ ಸಿವಿಲ್ ಲೈನ್ಸ್ ಎಲ್ಲ ಆ ಬಳಕೆಯಿಂದ ಬಂದವು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೂಲಿಕಾರರ ಒತ್ತೊತ್ತಾದ ಮನೆಗಳಿಗೆ ‘ಲೈನ್ ಮನೆ’ ಎನ್ನುತ್ತಾರಲ್ಲ, ಮರೀನ್ ಲೈನ್ಸ್‌ನ ಲೈನು ಅದೇ. ಆ ಹುಡುಗನಿಗೆ ಹೀಗೆ ಹೇಳಿ, ಅವನ ಪ್ರಶ್ನೆ ಬಹಳ ಒಳ್ಳೆಯದು.

‘ಲೈನ್ ಕುಕ್’ ಕೂಡ ಸಾಲಿನವನೇ. ಪಾಶ್ಚಾತ್ಯ ಶೈಲಿಯ ರೆಸ್ಟೊರೆಂಟಿನ ಅಡುಗೆಮನೆಯಲ್ಲಿ ಒಲೆ, ಗ್ರಿಲ್, ಫ್ರೈಯರ್ ಎಲ್ಲ ಒಂದೇ ಸಾಲಿನಲ್ಲಿ ಇರುತ್ತವೆ. ಆ ಸಾಲಿಗೆ ‘ದ ಲೈನ್’ ಎಂದೇ ಹೆಸರು. ಅದರಲ್ಲಿ ಒಂದು ಜಾಗ ವಹಿಸಿಕೊಂಡು, ಬಂದ ಆರ್ಡರುಗಳನ್ನು ಬೇಯಿಸಿ ಮುಂದಕ್ಕೆ ಕೊಡುವವನು ಲೈನ್ ಕುಕ್. ಉಡುಪಿ ಹೋಟೆಲಿನಲ್ಲಿ ಕಾವಲಿ ಬಿಟ್ಟು ಕದಲದೆ ದೋಸೆ ಹುಯ್ಯುವವನು ಅವರ ಲೆಕ್ಕದಲ್ಲಿ ಲೈನ್ ಕುಕ್. ಜಾಹೀರಾತು ನೋಡಿ ಸಹಾಯಕನ ಕೆಲಸ ಎಂದು ಹಿಂಜರಿಯಬಾರದು, ಮುಖ್ಯ ಶೆಫ್ ಹುದ್ದೆ ಎಂದು ಅರ್ಜಿಯನ್ನೂ ಹಾಕಬಾರದು. ‘ಲೈನ್ ಮ್ಯಾನೇಜರ್’ ಎಂದರೆ ನಿಮ್ಮ ಕೆಲಸವನ್ನು ನೇರವಾಗಿ ನೋಡಿಕೊಳ್ಳುವ ಮೇಲಿನವನು. ಆತನಿಗೂ ಅಡುಗೆಯ ಸಾಲಿಗೂ ನಂಟಿಲ್ಲ, ಅಧಿಕಾರದ ಸಾಲಿನಲ್ಲಿ ನಿಮ್ಮ ಮುಂದಿರುವವನು ಅವನು.

ಆಸ್ಪತ್ರೆಯಲ್ಲಿ ‘ಫಸ್ಟ್ ಲೈನ್’ ಔಷಧಿ ಎಂಬ ಮಾತಿಗೂ ಹುಡುಗರು ಗಲಿಬಿಲಿಗೊಳ್ಳಬಹುದು. ಅದು ಚೀಟಿಯ ಮೊದಲ ಸಾಲಿನಲ್ಲಿ ಬರೆದ ಮಾತ್ರೆಯಲ್ಲ. ಯುದ್ಧದಲ್ಲಿ ಮುಂಚೂಣಿಯ ಸೈನಿಕರಿದ್ದ ಹಾಗೆ, ರೋಗಕ್ಕೆ ಮೊದಲು ಕೊಡಬೇಕಾದ ಔಷಧಿ. ಕ್ಷಯಕ್ಕೆ ಐಸೊನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್ ಫಸ್ಟ್ ಲೈನ್. ಇವುಗಳಿಗೆ ರೋಗಾಣು ಬಗ್ಗದಿದ್ದರೆ ‘ಸೆಕೆಂಡ್ ಲೈನ್’. ಎರಡನೆಯದು ಎಂದರೆ ಎರಡನೇ ದರ್ಜೆಯದು ಎಂದು ತಿಳಿದು ಔಷಧಿ ಬಿಟ್ಟರೆ ಅಪಾಯ, ಹಾಗಾಗಿ ಇದನ್ನು ಒತ್ತಿ ಹೇಳಿ.

ಸರದಿಯ ಸಾಲಿಗೆ ಅಮೆರಿಕದವರು ‘ಲೈನ್’ ಎನ್ನುತ್ತಾರೆ, ಬ್ರಿಟಿಷರು ‘ಕ್ಯೂ’. ಮಧ್ಯೆ ನುಗ್ಗುವುದಕ್ಕೆ ಅಲ್ಲಿ ‘ಕಟ್ ಇನ್ ಲೈನ್’, ಇಲ್ಲಿ ‘ಜಂಪ್ ದ ಕ್ಯೂ’. ನಮ್ಮಲ್ಲಿ ಉತ್ತರ ಕರ್ನಾಟಕದವರ ‘ಪಾಳೆ’ ಇದಕ್ಕೆ ಚೊಕ್ಕವಾದ ಮಾತು. ಮರಾಠಿಯಲ್ಲಿ ‘ರಾಂಗ’. ಹೊಸದಾಗಿ ಬಂದ ಹುಡುಗರು ಅದನ್ನು ಇಂಗ್ಲಿಷಿನ ‘ರಾಂಗ್’ ಎಂದು ಕೇಳಿಸಿಕೊಂಡು, ತಪ್ಪು ಜಾಗದಲ್ಲಿ ನಿಂತೆವೇನೋ ಎಂದು ಸರಿದುಬಿಡುವುದೂ ಉಂಟು. ಮರಾಠಿಯನ್ನು ಪಾಠಕ್ಕೆ ಬಳಸಿಕೊಳ್ಳಿ. ಗೆರೆಗೆ ರೇಷಾ, ಬರಹದ ಸಾಲಿಗೆ ಓಳ, ಸರದಿಗೆ ರಾಂಗ, ರೈಲಿನ ದಾರಿಗೆ ಮಾರ್ಗ: ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸಿದ್ದನ್ನು ಮರಾಠಿ ನಾಲ್ಕಾಗಿ ಒಡೆದಿಟ್ಟಿದೆ. ಬೀದಿಯಲ್ಲಿ ಕಲಿತ ಮರಾಠಿ ಹುಡುಗರ ಬಾಯಲ್ಲಿ ಇದ್ದೇ ಇರುತ್ತದೆ.

ದಾರಿಯ ಮನೆ ಎಂದರೆ ಡೊಂಬಿವಲಿಯವರಿಗೆ ರೈಲು. ಇಲ್ಲೇ ಎರಡು ಅರ್ಥ ಬೆರೆಯುತ್ತವೆ. ‘ಸೆಂಟ್ರಲ್ ಲೈನ್’, ‘ಹಾರ್ಬರ್ ಲೈನ್’ ಎನ್ನುವಾಗ ಇಡೀ ಮಾರ್ಗ. ಠಾಣೆ–ದಿವಾ ನಡುವಿನ ‘ಐದನೇ, ಆರನೇ ಲೈನ್’ ಎನ್ನುವಾಗ ಒಂದೊಂದು ಜೋಡಿ ಹಳಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ರೈಲು ಓಡಿದಾಗಿನಿಂದ ಈ ಊರಿನ ಬಾಯಲ್ಲಿ ಈ ಪದ ನೆಲೆಸಿದೆ. ಕನ್ನಡದಲ್ಲಿ ಮೊದಲನೆಯದಕ್ಕೆ ಮಾರ್ಗ, ಎರಡನೆಯದಕ್ಕೆ ಹಳಿ ಎಂದರೆ ಗೊಂದಲವೇ ಇಲ್ಲ. ‘ಲೈನ್ ಕ್ಲಿಯರ್’ ಎಂಬ ಮಾತನ್ನು ಅಡ್ಡಿಯಿಲ್ಲ ಎಂಬ ಅರ್ಥದಲ್ಲಿ ಎಲ್ಲರೂ ಆಡುತ್ತಾರೆ. ರೈಲ್ವೆಯಲ್ಲಿ ಅದಕ್ಕೆ ಖಚಿತ ಅರ್ಥವಿದೆ: ಮುಂದಿನ ನಿಲ್ದಾಣವು ಈ ಗಾಡಿಯನ್ನು ತನ್ನತ್ತ ಬಿಡಬಹುದು ಎಂದು ಹಿಂದಿನ ನಿಲ್ದಾಣಕ್ಕೆ ಕೊಡುವ ಒಪ್ಪಿಗೆ. ಹಳಿ ಕಣ್ಣಿಗೆ ಖಾಲಿ ಕಂಡ ಮಾತ್ರಕ್ಕೆ ಲೈನ್ ಕ್ಲಿಯರ್ ಅಲ್ಲ. ಹೊರದೇಶದಲ್ಲಿ ಮಾತ್ರ ಈ ಬಳಕೆ ನಡೆಯದು. ಅಡ್ಡಿಯಿಲ್ಲ, ಯಾರೂ ನೋಡುತ್ತಿಲ್ಲ ಎನ್ನಲು ಅಲ್ಲಿ ‘ದ ಕೋಸ್ಟ್ ಈಸ್ ಕ್ಲಿಯರ್’.

ಗೆರೆಯ ಮನೆ ಕನ್ನಡಿಗರಿಗೆ ಸಲೀಸು. ‘ಕ್ರಾಸ್ ದ ಲೈನ್’ ಎಂದರೆ ಎಲ್ಲೆ ಮೀರು. ‘ಟೋ ದ ಲೈನ್’ ಎಂದರೆ ಕಾಲ್ಬೆರಳನ್ನು ಗೆರೆಗೆ ತಾಗಿಸಿ ನಿಲ್ಲು, ಅಂದರೆ ಹೇಳಿದಂತೆ ಕೇಳು. ‘ಅಪ್ಪ ಹಾಕಿದ ಗೆರೆ ದಾಟುವವನಲ್ಲ’ ಎಂಬ ನಮ್ಮ ಮಾತು ಅದಕ್ಕೆ ತಕ್ಕ ಜೋಡಿ. ಇಲ್ಲಿನ ‘ಟೋ’ ಕಾಲ್ಬೆರಳು. ಎಳೆದೊಯ್ಯುವ ‘ಟೋ’ದ ಕಾಗುಣಿತ ಬರೆದರೆ ತಪ್ಪು, ಇಂಗ್ಲಿಷ್ ಬಲ್ಲವರೂ ಆ ತಪ್ಪು ಮಾಡುತ್ತಾರೆ. ಕೆಲಸದವರ ಜೀವ ಹಿಂಡುವ ‘ಡೆಡ್‌ಲೈನ್’ ಹಿಂದೆ ನಿಜವಾದ ಸಾವಿದೆ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದ ಗೋಡೆಯಿಂದ ಒಳಕ್ಕೆ ಒಂದು ಮರದ ಅಡ್ಡಪಟ್ಟಿಯ ಗಡಿ ಹಾಕಿದ್ದರು. ಅದನ್ನು ದಾಟಿದ ಕೈದಿಗೆ ಗುಂಡೇಟು. 20ನೇ ಶತಮಾನದ ಆರಂಭದ ಹೊತ್ತಿಗೆ ಆ ಪದ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ಕಾಲದ ಗಡುವಾಯಿತು.

‘ಹೋಲ್ಡ್ ದ ಲೈನ್’ಗೆ ಫೋನಿನಲ್ಲಾದರೆ ‘ಇಡಬೇಡಿ, ಹಾಗೇ ಇರಿ’ ಎಂದರ್ಥ. ರಣರಂಗದಲ್ಲಾದರೆ ‘ಹಿಂದೆ ಸರಿಯಬೇಡಿ’. ನಮ್ಮ ಕಡೆ ಪಾರ್ಸೆಲ್ ಆರ್ಡರು ತೆಗೆದುಕೊಳ್ಳುವವರು ‘ಪ್ಲೀಸ್ ಬಿ ಆನ್ ಲೈನ್’ ಎನ್ನುವುದುಂಟು. ಅದು ‘ಅಂತರ್ಜಾಲದಲ್ಲಿರಿ’ ಎಂದು ಕೇಳಿಸುತ್ತದೆ. ‘ಪ್ಲೀಸ್ ಸ್ಟೇ ಆನ್ ದ ಲೈನ್’ ಎಂದು ತಿದ್ದಿ, ಆ ‘ದ’ ಬಿಡಬಾರದು. ‘ಡ್ರಾಪ್ ಮಿ ಎ ಲೈನ್’ ಎಂದರೆ ಫೋನ್ ಮಾಡು ಎಂದಲ್ಲ, ನಾಲ್ಕು ಸಾಲು ಬರೆದು ಹಾಕು ಎಂದು; ಇಲ್ಲಿ ಲೈನ್ ಬರಹದ ಸಾಲು. ನಮ್ಮ ‘ಸಾಲು’ ಪದವೂ ನೇಗಿಲು ಎಳೆದ ಸಾಲಿಗೂ ಪದ್ಯದ ಸಾಲಿಗೂ ಒಂದೇ, ಲ್ಯಾಟಿನ್ನಿನ ‘ವೆರ್ಸುಸ್’ ಎಂಬ ಪದಕ್ಕೂ ಈ ಎರಡೂ ಅರ್ಥಗಳಿದ್ದವು. ಉಳುವವರ ಮನೆಯ ಹುಡುಗರು ಈ ಮಾತು ಕೇಳಿ ಅರಳುತ್ತಾರೆ.

ಚಿಕ್ಕ ಪದಗಳ ಕೈಚಳಕ ಇನ್ನೂ ಸ್ವಲ್ಪ ಇದೆ. ‘ಟೂ ಇಯರ್ಸ್ ಡೌನ್ ದ ಲೈನ್’ ಎಂದರೆ ಇನ್ನು ಎರಡು ವರ್ಷಕ್ಕೆ, ಮುಂದಿನ ಮಾತು. ‘ಸಮ್‌ವೇರ್ ಅಲಾಂಗ್ ದ ಲೈನ್’ ಎಂದರೆ ನಡುವೆ ಎಲ್ಲೋ, ಸಾಮಾನ್ಯವಾಗಿ ಹಿಂದೆ ಆದದ್ದು. ‘ಇನ್ ಲೈನ್ ವಿತ್’ ಎಂದರೆ ಅದಕ್ಕೆ ಅನುಗುಣವಾಗಿ; ‘ಇನ್ ಲೈನ್ ಫಾರ್’ ಎಂದರೆ ಸಿಗುವ ಸರದಿಯಲ್ಲಿ. ‘ಔಟ್ ಆಫ್ ಲೈನ್’ ಎಂದರೆ ಅಧಿಕಪ್ರಸಂಗ.

ಮುಂಬಯಿಯ ಬಳಕೆಗಳನ್ನು ಬೇರೆಯಾಗಿ ಕಲಿಸಿ. ‘ಯಾವ ಲೈನಿನಲ್ಲಿದ್ದೀರಿ?’ ಎಂದು ಇಲ್ಲಿ ಕಸುಬು ಕೇಳುತ್ತಾರೆ. ಇಂಗ್ಲಿಷಿನಲ್ಲಿ ‘ಲೈನ್ ಆಫ್ ವರ್ಕ್’ ಸರಿ, ‘ಐ ಯಾಮ್ ಇನ್ ಹೋಟೆಲ್ ಲೈನ್’ ಮಾತ್ರ ಭಾರತದ ಹೊರಗೆ ವಿಚಿತ್ರ. ‘ಐ ವರ್ಕ್ ಇನ್ ರೆಸ್ಟೊರೆಂಟ್ಸ್’ ಎನ್ನಲಿ. ಹುಡುಗಿಗೆ ‘ಲೈನ್ ಹೊಡೆಯುವುದು’ ಪೂರಾ ನಮ್ಮದು, ಇಂಗ್ಲಿಷಿಗೆ ಒಯ್ಯಲಾಗದು. ದರ್ಜಿಗಳ ‘18 ಲೈನ್ ಬಟನ್’ ಮಾತ್ರ ಎಲ್ಲ ದೇಶದಲ್ಲೂ ನಡೆಯುತ್ತದೆ. ಗುಂಡಿ ವ್ಯಾಪಾರದಲ್ಲಿ ಇಂಚಿಗೆ 40 ಲೈನು. ಅಂಗಿಯ 18 ಲೈನಿನ ಗುಂಡಿ ಸುಮಾರು 11.4 ಮಿ.ಮೀ. ಅಗಲ. ಫ್ರೆಂಚರ ಹಳೆಯ ಅಳತೆಯ ಹೆಸರದು.

ಪಾಠಕ್ಕೆ ಒಂದು ದಾರದ ಉಂಡೆ, ಸೀಮೆಸುಣ್ಣ, ಒಂದು ಡಬ್ಬಿ, ಒಂದು ಬಟರ್ ಪೇಪರ್ ಸಾಕು. ದಾರವನ್ನು ಗೋಡೆಯಿಂದ ಗೋಡೆಗೆ ಕಟ್ಟಿ ಒಂದು ಅಂಗಿ ತೂಗುಹಾಕಿ. ಅದರ ಕೆಳಗೆ ಗೆರೆ ಎಳೆಯಿರಿ. ಗೆರೆಗೆ ಕಾಲ್ಬೆರಳು ತಾಗಿಸಿ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಆಮೇಲೆ ಅದೇ ಗೆರೆಯ ಮೇಲೆ ನಡೆಸಿ. ಕೊನೆಗೆ ಡಬ್ಬಿಗೆ ಕಾಗದ ಹಾಸಿ. ಐದು ಮನೆಯೂ ಆಯಿತು. ಬಳಿಕ ನಿಘಂಟು ತೆರೆಸಿ. ಹಲವು ನಿಘಂಟುಗಳಲ್ಲಿ ‘ಲೈನ್’ ಎರಡು ಬಾರಿ ಬರುತ್ತದೆ, ತಲೆಯ ಮೇಲೆ 1, 2 ಎಂಬ ಪುಟ್ಟ ಅಂಕಿಯಿರುತ್ತದೆ. ಅಸ್ತರಿಯ ಅರ್ಥ ಇರುವುದು 2ನೆಯದರಲ್ಲಿ, ಮೊದಲನೆಯದರ ಉದ್ದನೆಯ ವಿವರಣೆ ಮುಗಿದ ಮೇಲೆ. ಡಬ್ಬಿಯ ವಾಕ್ಯಕ್ಕೆ ಗೆರೆಯನ್ನು ಹುಡುಕಿದ ಹುಡುಗ 1ನೆಯದರಲ್ಲೇ ನಿಂತುಬಿಟ್ಟಿರುತ್ತಾನೆ. ಅವನ ಬೆರಳು ಹಿಡಿದು ಕೆಳಗೆ ಇಳಿಸಿ.